ಐದನೇ ಚೀಟಿ

ಶನಿವಾರ ಸಂಜಿಗೆ ಚೀಟಿ ಬರೆಯೋದು ನನ್ನ ಕೆಲಸ.
ಹಳೇ ಪುಸ್ತಕ ನೋಡಿ ಐದು ಬಿನ್ನಹ:
ಜಗದ್ಗುರುಗಳಿಗಾಗಿ, ಆಳುವವರಿಗಾಗಿ,
ಮಳಿಗಾಗಿ, ಬ್ಯಾನಿ ಬಿದ್ದವರಿಗಾಗಿ,
ಕಡೀಕ, ನೊಂದವರಿಗಾಗಿ.
ನೊಂದವರು ಯಾರಂತ ಹೆಸರು ಹಾಕಂಗಿಲ್ಲ.
ಹಾಕಿದರ ಚೀಟಿ ಉದ್ದಾಗ್ತದ,
ಬಲಿಪೂಜಿ ಒಂಬತ್ತಕ್ಕ ಮುಗೀಬೇಕು.

ಶಹಾಬಾದಿನ ನಮ್ಮ ಚರ್ಚಿನ್ಯಾಗ
ಮುಂದಿನ ಬೆಂಚಿಗೆ ರೈಲ್ವೆಯವರ ಮೊಮ್ಮಕ್ಕಳು,
ನಡುವ ಸಿಮೆಂಟ್ ಫ್ಯಾಕ್ಟರಿಯವರು,
ಬೆಂಚು ಮುಗಿದ ಮ್ಯಾಲ, ನೆಲದ ಮ್ಯಾಲ,
ಖಣಿಯವರು.
ನೆಲ ಅಂದ್ರ ಫರಸಿ.
ಅವರ ಮುತ್ಯಾಗಳು ಒಡೆದು, ಹೊತ್ತು, ಹಾಸಿದ ಫರಸಿ.
ಅಲ್ಲಿ ಕೂಡ್ರಿ ಅಂತ ಯಾರೂ ಅಂದಿಲ್ಲ,
ಏಳ್ರಿ ಅಂತನೂ ಯಾರೂ ಅಂದಿಲ್ಲ.
ಕೇಳಿದರ, ತಂಪಿರ್ತದ್ರಿ ಅಂತಾರ.

ಸುವಾರ್ತಮ್ಮಗ ಓದಲಿಕ್ಕ ಬರಲ್ಲ.
ಐದನೇ ಚೀಟಿ ಆಕೀದು.
ನಾ ಹೇಳಿಕೊಡ್ತೀನಿ, ಆಕಿ ಬಾಯಿಪಾಠ ಮಾಡ್ತಾಳ,
ಆಯ್ತವಾರ ಕಾಗದ ಹಿಡಿದು ಓದಿದಂಗ ಹೇಳ್ತಾಳ.
ಒಮ್ಮೊಮ್ಮೆ ಚೀಟಿ ತೆಲಿಕೆಳಗ ಇರ್ತದ.
ನಾ ಒಬ್ಬಾಕಿನೇ ನೋಡೀನಿ.

ತಪಸ್ಸುಕಾಲದ ಮೂರನೇ ಆಯ್ತವಾರ
ಆಕಿ ಮೈಕಿನ ಮುಂದ ಬಂದು ನಿಂತಳು.
ಸೆರಗಿನ್ಯಾಗ ಬಿಳಿ ಧೂಳು, ಒಗೆದರೂ ಹೋಗದ್ದು.
ಕೆಮ್ಮಿದಳು.
ಚೀಟಿ ಸಣ್ಣಗ ಮಡಚಿ ಮುಷ್ಟಿಯಾಗ ಇಟ್ಟಳು.

"ಲೂರ್ದುಸಾಮಿ ಸಾವ್ಕಾರರ ಖಣಿಯಾಗ
ಹದಿನೇಳು ಮಂದಿಗಿ ಒಂಬತ್ತು ಹಫ್ತೆ ಪಗಾರ ಆಗಿಲ್ಲ.
ನಮ್ಮ ತಮ್ಮ ದೀನಪ್ಪನ ಕಾಲ ಮ್ಯಾಲ ಫರಸಿ ಬಿತ್ತು.
ಹಾಜರಿ ಬುಕ್ಕಿನ್ಯಾಗ ಅವತ್ತು ಅವನ ಹೆಸರೇ ಇಲ್ಲಂತ.
ಕಾಲು ಕೆಲಸಕ್ಕ ಬಂದಿತ್ತು, ಹೆಸರು ಬಂದಿರಲಿಲ್ಲಂತ.
ಸಾವ್ಕಾರರು ಇಲ್ಲೇ ಎರಡನೇ ಬೆಂಚಿನ್ಯಾಗ ಅದಾರ.
ಅವರೂ ಆರಾಮಿರಲಿ.
ಇದಕ್ಕಾಗಿ ಪ್ರಭುವಿನಲ್ಲಿ ಪ್ರಾರ್ಥಿಸೋಣ."

ಕಡೀ ಸಾಲು ಮಾತ್ರ ನಾ ಕಲಿಸಿದಂಗೇ ಅಂದಳು.

ಆಮ್ಯಾಲ ಏನೂ ಇಲ್ಲ.
ಪ್ರಭುವೇ, ನಮ್ಮ ಮೊರೆ ಕೇಳು, ಅನ್ನಬೇಕಿತ್ತು ಎಲ್ಲರೂ.
ನಿದ್ದಿಗಣ್ಣಾಗೂ ಅಂತೀವಿ ಅದನ್ನ.
ಫ್ಯಾನು ತಿರುಗಿತು.
ಗೂಡ್ಸ್ ಗಾಡಿ ವಾಡಿ ಕಡಿಗಿ ಹೋಯ್ತು,
ಐವತ್ತೆಂಟು ಡಬ್ಬಿ. ಎಣಿಸಿದೆ.
ಫಾದರ್ ವಲೇರಿಯನ್ ಪುಸ್ತಕದಾಗ ಬೆರಳಿಟ್ಟವರು
ಹಾಳಿ ತಿರುವಲಿಲ್ಲ, ಮುಚ್ಚಲೂ ಇಲ್ಲ.
ಲೂರ್ದುಸಾಮಿ ಗ್ವಾಡಿ ಮ್ಯಾಲಿನ ಕಲ್ಲು ನೋಡ್ತಿದ್ದರು:
ಅವರಪ್ಪನ ಹೆಸರು, ಗಂಟಿ ಕೊಟ್ಟ ವರ್ಷ.

ನಾನು?
ನನ್ನ ಮಗಳ ಫೀ ಹ್ವಾದ ವರ್ಷ ಅವರೇ ಕಟ್ಟಿದ್ದು.
ಮೊರೆ ನಾಲಿಗಿ ಮ್ಯಾಲೇ ಇತ್ತು,
ಎತ್ತಲಿಕ್ಕ ಇಬ್ಬರು ಬೇಕಾಗೋ ಕಲ್ಲಿನಂಗ.

ಹಿಂದಿಂದ ಒಂದು ದನಿ.
ರುಮಾಲಿನ ಮುದುಕ ಸಂದ್ಯಪ್ಪ, ಕಿವಿ ಮಂದ,
ಅರ್ಧ ಕೇಳಿಸಿತ್ತೋ ಪೂರಾ ಕೇಳಿಸಿತ್ತೋ,
"ಕೇಳಪ್ಪಾ ಪ್ರಭು" ಅಂದ.
ಹಂಗ ಪುಸ್ತಕದಾಗ ಬರೆದಿಲ್ಲ.
ಕೊಟ್ಟ ರೊಕ್ಕ ಕೇಳಲಿಕ್ಕ ಬಂದವ
ಬಾಗಿಲಾಗ ನಿಂತು ಕರದಂಗಿತ್ತು.
ಆಮ್ಯಾಲ ನೆಲದವರು.
ಆಮ್ಯಾಲ ಬೆಂಚಿನಿಂದ ಒಬ್ಬರು,
ಸ್ಟೇಷನ್ ಮಾಸ್ತರರ ಹೆಂಡತಿ, ಕನ್ನಡ ಸರಿ ಬಾರದವರು.
ಆಮ್ಯಾಲ ನಾನು, ತಡಾ ಮಾಡಿ,
ಎಲ್ಲರೂ ಮುಗಿಸಿದ ಮ್ಯಾಲ ಒಬ್ಬಾಕಿನೇ.

ಪಗಾರ ಬಂತೇನು ಅಂತ ಕೇಳ್ತೀರಿ.
ನಾಕು ಹಫ್ತೇದು ಬಂದದ.
ಉಳಿದದ್ದಕ್ಕ ಕಲಬುರಗಿ ಲೇಬರ್ ಆಫೀಸಿಗಿ
ಮೂರು ಸಲ ಹೋಗಿ ಬಂದೀವಿ.
ಬಸ್ಸಿನ್ಯಾಗ ಫಾದರಿಗಿ ಸೀಟು ಸಿಗಲಿಲ್ಲ,
ಸುವಾರ್ತಮ್ಮ ಸರಿದು ಜಾಗಾ ಕೊಟ್ಟಳು.
ಊಟದ ವ್ಯಾಳ್ಯಾ ಅಂದ ಸಾಹೇಬನ ಬಾಗಿಲಾಗ
ರೊಟ್ಟಿ ಬಿಚ್ಚಿ ನಾವೂ ಉಂಡಿವಿ.
ಲೂರ್ದುಸಾಮಿ ಈಗ ವಾಡಿ ಚರ್ಚಿಗಿ ಹೋಗ್ತಾರ.
ಗಂಟಿ ಇನ್ನೂ ಹೊಡೀತದ. ಚಂದ ಹೊಡೀತದ, ಸುಳ್ಳ್ಯಾಕ ಹೇಳಲಿ.

ಶನಿವಾರ ನಾ ಬರೀಲಿಕ್ಕ ಕುಂತರ
ಆಕಿ ಬಾಜೂಕ ಬಂದು ಕೂಡ್ತಾಳ.
"ದೀನಪ್ಪ ಅಂತ ಹಾಕ್ರಿ ಅಕ್ಕೋರೆ."
ಹಾಕ್ತೀನಿ.
"ಎಲ್ಲದ?"
ತೋರಸ್ತೀನಿ.
ಬೆರಳಿಟ್ಟು ತಿದ್ದತಾಳ, ದೀರ್ಘದ ತನಕ,
ಮಸಿ ಆರೋದರಾಗ ಬಿಳಿ ಧೂಳು ಕುಂದರ್ತದ.
"ಈಗ ಉಳಿದ ಹದಿನಾರು ಮಂದೀದು ಬರೀರಿ."

ಬಲಿಪೂಜಿ ಈಗ ಒಂಬತ್ತೂವರಿಗಿ ಮುಗೀತದ.